ಗಂಟಿನೊಳಗೆ ಹಿಡಿಯುವ ಮಗ್ಗ

ಇಳಕಲ್ಲಿನ ನೇಕಾರನ ಮಗ್ಗ ನೆಲ ಬಿಟ್ಟು ಕದಲುವುದಿಲ್ಲ. ಮನೆಯೊಳಗೆ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಸೆಯುವ ಕುಣಿಮಗ್ಗ ಅದು. ಮನೆ ಬದಲಿಸಿದರೆ ಹೊಸ ಕುಣಿಯನ್ನೇ ತೋಡಬೇಕು. ಆ ಮಗ್ಗ ಇರುವ ಮನೆಯೆಂದರೆ ಊರು ಬಿಟ್ಟು ಹೋಗದ ಮನೆ. ವಿಜಯಪುರ, ತಿಕೋಟಾ, ಬಬಲೇಶ್ವರದ ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸುಬು ಇದಕ್ಕೆ ಪೂರಾ ಬೇರೆ. ಅವರ ಕೈಗೆ ಮಗ್ಗ ಬರಲೇ ಇಲ್ಲ. ಬಂದದ್ದು ಸೂಜಿ, ದಾರ, ಒಂದು ಹಿಡಿ ಮಣಿ, ಕವಡೆ, ಕನ್ನಡಿ ಚೂರು. ಕೂತಲ್ಲಿ ಬಿಚ್ಚಿ, ಏಳುವಾಗ ಸುತ್ತಿ ಗಂಟಿನೊಳಗೆ ತುರುಕಬಹುದಾದ ಸಾಮಾನು ಇಷ್ಟೇ.

ಅದಕ್ಕೆ ಕಾರಣವೂ ಇದೆ. ಎತ್ತಿನ ಬೆನ್ನ ಮೇಲೆ ಕಾಳು, ಉಪ್ಪು ಹೇರಿಕೊಂಡು ದಖ್ಖನಿನ ಉದ್ದಗಲಕ್ಕೂ ನಡೆದವರು ಬಂಜಾರರು, ಅಂದರೆ ಈ ಲಂಬಾಣಿಗರೇ. ಮೊಘಲರ ದಂಡು ಇತ್ತ ಬಂದಾಗಲೂ, ಮುಂದೆ ಇಂಗ್ಲಿಷರ ದಂಡು ಮರಾಠರ ಮೇಲೆ ಹೋದಾಗಲೂ ಸೈನ್ಯದ ಹೊಟ್ಟೆ ತುಂಬಿಸಿದ್ದು ಅವರ ಹೇರೆತ್ತುಗಳೇ. 1880ರ ದಶಕದಲ್ಲಿ ಹೊಟಗಿ–ಗದಗ ರೈಲು ಹಾದಿ ವಿಜಾಪುರದ (ಇಂದಿನ ವಿಜಯಪುರದ) ಮೇಲೆ ಹಾಯ್ದ ಹೊತ್ತಿಗೆ ಆ ವ್ಯಾಪಾರ ಮುಗಿಯುತ್ತ ಬಂದಿತ್ತು. ತಾಂಡಾಗಳು ನೆಲೆ ನಿಂತವು. ಆದರೆ ನಡಿಗೆ ನಿಲ್ಲಲಿಲ್ಲ. ಇಂದಿಗೂ ದೀಪಾವಳಿ ಮುಗಿಯುತ್ತಲೇ ಈ ತಾಂಡಾಗಳ ಅನೇಕ ಮನೆಗಳಿಗೆ ಬೀಗ ಬೀಳುತ್ತದೆ. ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ, ಗೋವಾ, ಪುಣೆ, ಮುಂಬೈಗಳ ಕಟ್ಟಡದ ಕೆಲಸಕ್ಕೆ ಗಂಡಹೆಂಡಿರು ಮಕ್ಕಳ ಸಮೇತ ಹೊರಡುತ್ತಾರೆ.

ಮಣಿ ನೇಯುವ ಮಗ್ಗದ ಬಗ್ಗೆ ಬರೆಯಲು ಹೊರಟವನು ಈ ಬೀಗದ ಮಾತನ್ನು ಮೊದಲು ಎತ್ತುವುದು ಬೇಕೆಂದೇ. ಯಾವ ಮಗ್ಗ ಒಳ್ಳೆಯದು ಎಂಬ ಪ್ರಶ್ನೆಗೆ, ಯಾರ ಕೈಗೆ, ಯಾವ ಮನೆಗೆ, ವರ್ಷದ ಯಾವ ತಿಂಗಳಿಗೆ ಎಂದು ಕೇಳದೆ ಉತ್ತರ ಹೇಳಲಾಗದು. ಪೇಟೆಯಲ್ಲಿ ಸಿಗುವ ಮಗ್ಗಗಳನ್ನು ಹವ್ಯಾಸಕ್ಕೆಂದು ಮೇಜಿನ ಮುಂದೆ ಕೂರುವವರನ್ನು ನೆನೆದು ಮಾಡಿರುತ್ತಾರೆ. ಮೇಜೂ ಇಲ್ಲದ, ಬೇವಿನ ನೆರಳು ಸರಿದಂತೆ ತಾವೂ ಸರಿದು ಕೂರುವ ಹೆಂಗಸರಿಗೆ ಬೇಕಾದದ್ದು ಬೇರೆಯೇ ಮಗ್ಗ.

ಮಣಿಮಗ್ಗ ಈ ಸೀಮೆಯ ಪರಂಪರೆಯದಲ್ಲ. ಲಂಬಾಣಿ ಹೆಣ್ಣುಮಕ್ಕಳ ಉಡುಪುಗಳಾದ ಕಾಂಚಳಿ, ಫೇಟಿಯಾ, ಛಾಂಟಿಯಾಗಳ ಮೇಲೆ ಕಾಣುವ ಮಣಿ, ಕವಡೆ, ಕನ್ನಡಿಗಳೆಲ್ಲ ಬಟ್ಟೆಗೆ ಹೊಲಿದವು, ಇಲ್ಲವೇ ಸೂಜಿಯಲ್ಲೇ ಬಲೆಯಂತೆ ಹೆಣೆದವು. ಕೊಡ ಹೊರುವ ಸಿಂಬಿಗೂ ಕವಡೆಯ ಅಂಚು ಕಟ್ಟಿದ ಜನ ಅವರು. ಬಬಲೇಶ್ವರದ ಕಡೆಯ ರೈತಾಪಿ ಮನೆಗಳಲ್ಲಿ ಎತ್ತಿನ ಕೊರಳಿಗೆ, ಹಣೆಗೆ ಮಣಿಸರ ಹೆಣೆದು ಕಟ್ಟುವ ರೂಢಿಯೂ ಸೂಜಿದಾರದ್ದೇ. ವಿಜಯಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ದನದ ಸಂತೆ ಕೂಡಿದಾಗ ಎತ್ತುಗಳ ಮೈಮೇಲೆ ನೋಡಬೇಕು ಆ ಬಣ್ಣ. ಪಟವೇಗಾರರು ರೇಷ್ಮೆ ದಾರದಲ್ಲಿ ಬೋರಮಾಳ, ಗುಂಡಿನ ಸರ ಪೋಣಿಸಿಕೊಟ್ಟದ್ದೂ ಇದೇ ಪೇಟೆಗಳಲ್ಲಿ. ಮಣಿ ಇಲ್ಲಿಗೆ ಹೊಸತಲ್ಲ, ಹಾಸುಹೊಕ್ಕೂ ಹೊಸತಲ್ಲ. ಅವೆರಡೂ ಒಂದೇ ಕೈಯಲ್ಲಿ ಕೂಡಿರಲಿಲ್ಲ, ಅಷ್ಟೇ.

ಕೂಡಿಸಬೇಕೇಕೆ? ನನ್ನ ಕಾರಣ ಸರಳ. ಬಟ್ಟೆಯ ಮೇಲಿನ ಲಂಬಾಣಿ ಕಸೂತಿಗೆ ಇಂದು ಹೆಸರಿದೆ. 1986ರಲ್ಲಿ ಮಲ್ಲಮ್ಮ ಯಾಳವಾರ ಅವರು ವಿಜಯಪುರದಲ್ಲಿ ಕಟ್ಟಿದ ‘ಸಬಲಾ’ ಸಂಸ್ಥೆ ಈ ಜಿಲ್ಲೆಯ ತಾಂಡಾಗಳ ಹೊಲಿಗೆಯನ್ನು ದೂರದ ಪೇಟೆಗಳಿಗೆ ಮುಟ್ಟಿಸಿತು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಜಿ-20 ಸಂಸ್ಕೃತಿ ಸಭೆ ಹಂಪಿಯಲ್ಲಿ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇಷ್ಟಾದರೂ ಒಂದು ದೊಡ್ಡ ತುಂಡಿಗೆ ಹಿಡಿಯುವ ದಿನಗಳಿಗೂ ಕೈಗೆ ಬರುವ ಕೂಲಿಗೂ ಹೊಂದಿಕೆಯಾಗದು. ಮಣಿಮಗ್ಗದ ಪಟ್ಟಿ ಚಿಕ್ಕದು, ಬೇಗ ಮುಗಿಯುತ್ತದೆ, ಒಂದರಂತೆ ಇನ್ನೊಂದು ಬರುತ್ತದೆ. ಕೈಪಟ್ಟಿ, ಕೊರಳಪಟ್ಟಿ, ಚೀಲದ ಹಿಡಿ, ಸೊಂಟಪಟ್ಟಿ, ಯಾವುದನ್ನಾದರೂ ಅದರಲ್ಲಿ ಮಾಡಬಹುದು. ಅದನ್ನು ಹೊಲಿಗೆಯ ಜಾಗಕ್ಕೆ ತಂದಿಡಬೇಕೆಂದು ನಾನು ಹೇಳುತ್ತಿಲ್ಲ. ಹೊಲಿಗೆಯ ಪಕ್ಕಕ್ಕೆ ಕೂರಿಸಬೇಕು.

ಯಾವ ಮಗ್ಗ?

ಮಣಿಮಗ್ಗದ ಒಡಲು ತೀರಾ ಸಣ್ಣದು. ಎರಡು ತುದಿ, ನಡುವೆ ಬಿಗಿದ ಹಾಸು, ಹಾಸಿನ ಎಳೆಗಳನ್ನು ಒಂದೊಂದು ಮಣಿಯಷ್ಟು ದೂರ ನಿಲ್ಲಿಸಲು ಎರಡೂ ತುದಿಗೆ ಒಂದು ಸುರುಳಿ ಸ್ಪ್ರಿಂಗ್ ಅಥವಾ ಹಣಿಗೆ. ಇದರಲ್ಲಿ ಲಾಳಿ, ತುಳಿಗೆ ಯಾವುದೂ ಇಲ್ಲ. ಹೊಕ್ಕು ಹಾಕುವುದು ಸೂಜಿಯೇ. ಉತ್ತರ ಅಮೆರಿಕದ ಮೂಲನಿವಾಸಿಗಳು ಯುರೋಪಿನ ಗಾಜಿನ ಮಣಿ ಬರುವುದಕ್ಕೂ ಮುಂಚೆ ಮುಳ್ಳುಹಂದಿಯ ಮುಳ್ಳನ್ನು ಹೀಗೇ ನೇಯುತ್ತಿದ್ದರು. ಅವರ ಬಿಲ್ಲುಮಗ್ಗವೆಂದರೆ ಬಾಗಿಸಿದ ಒಂದು ಕೋಲು. ಬಿಲ್ಲಿನ ಎರಡು ತುದಿಗೂ ಹಾಸು ಕಟ್ಟಿದರೆ ಕೋಲಿನ ಸೆಟೆತವೇ ಎಳೆಗಳನ್ನು ಬಿಗಿ ಹಿಡಿಯುತ್ತದೆ. ಅವರಲ್ಲೂ ಅನೇಕ ಪಂಗಡಗಳು ಋತುವಿಗೊಂದು ನೆಲೆಗೆ ನಡೆಯುತ್ತಿದ್ದವು. ನಡೆಯುವವರು ಮಗ್ಗ ಮಾಡಿಕೊಂಡರೆ ಅದು ಹೀಗಿರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕಲಿಯುವ ಮಕ್ಕಳಿಗೆ ಒಂದು ಬಿದಿರ ಸೀಳಿನ ಬಿಲ್ಲು ಇವತ್ತಿಗೂ ಸಾಕು.

ಮಾರಾಟಕ್ಕೆ ಸಿಗುವವುಗಳಲ್ಲಿ ಮೊದಲನೆಯದು ಚೌಕಟ್ಟಿನ ಮಗ್ಗ. ನಾಲ್ಕು ಪಟ್ಟಿ ಮರ, ಎರಡು ತುದಿಗೆ ಸಾಲು ಮೊಳೆ ಅಥವಾ ಗೀರು. ಬಿಗಿ ಚೆನ್ನಾಗಿ ನಿಲ್ಲುತ್ತದೆ, ಕೆಡುವ ಭಾಗವೇ ಇಲ್ಲ. ಆದರೆ ಚೌಕಟ್ಟು ಎಷ್ಟುದ್ದವೋ ಪಟ್ಟಿ ಅದಕ್ಕಿಂತ ಕಡಿಮೆಯೇ. ಸೊಂಟಪಟ್ಟಿ ಮಾಡಬೇಕಾದರೆ ಒಂದು ಮೀಟರಿನ ಚೌಕಟ್ಟು ಬೇಕು, ಅದನ್ನು ಹೊತ್ತು ತಿರುಗಲು ಆಗುವುದಿಲ್ಲ. ಎರಡನೆಯದು ಸುರುಳಿ ಮಗ್ಗ. ಎರಡೂ ತುದಿಗೆ ಉರುಳೆ ಇರುತ್ತದೆ. ನೇಯ್ದ ಭಾಗ ಒಂದು ಉರುಳೆಗೆ ಸುತ್ತುತ್ತ ಹೋದಂತೆ ಇನ್ನೊಂದರಿಂದ ಹಾಸು ಬಿಚ್ಚುತ್ತದೆ. ಅಂಗೈ ಮೇಲೆ ಕೂರುವ ಮಗ್ಗದಲ್ಲೂ ಎಷ್ಟುದ್ದದ ಪಟ್ಟಿಯನ್ನಾದರೂ ನೇಯಬಹುದು. ಅಗ್ಗದ ತಂತಿ ಮಗ್ಗಗಳ ತೊಂದರೆ ಉರುಳೆಯ ತಿರುಪಿನಲ್ಲಿದೆ. ಅರ್ಧ ಕೆಲಸವಾದ ಮೇಲೆ ತಿರುಪು ಜಾರುತ್ತದೆ, ಹಾಸು ಸಡಿಲವಾಗುತ್ತದೆ, ಸಾಲುಗಳು ಓರೆಯಾಗುತ್ತವೆ. ಮೂರನೆಯದು ಲೋಹದ ದೊಡ್ಡ ನಿಂತ ಮಗ್ಗ, ಹಾಸು ಎತ್ತಿ ಇಳಿಸುವ ಸಾಧನವೂ ಇರುವಂಥದು. ಗೋಡೆಗೆ ತೂಗುವ ಚಿತ್ರಪಟ ನೇಯುವವರಿಗೆ ಅದು. ತರಬೇತಿ ಕೇಂದ್ರಕ್ಕೆ ಒಂದಿದ್ದರೆ ಚೆಂದ, ತಾಂಡಾದ ಮನೆಗೆ ಬೇಡ.

ನನ್ನ ಆಯ್ಕೆ ಸ್ಪಷ್ಟ: ಊರ ಬಡಿಗೇರನಿಂದ ಮಾಡಿಸಿದ ಸುರುಳಿ ಮಗ್ಗ. ಸುಮಾರು 45 ಸೆಂಟಿಮೀಟರ್ ಉದ್ದ, 12ರಿಂದ 15 ಸೆಂಟಿಮೀಟರ್ ಅಗಲದ ಹಲಗೆ, ಎರಡು ತುದಿಗೆ ಉರುಳೆ, ಪ್ರತಿ ಉರುಳೆಗೂ ಎರಡೂ ಬದಿಯಿಂದ ಕಿವಿಯುಳ್ಳ ನಟ್ಟು. ನಟ್ಟಿಗೂ ಮರಕ್ಕೂ ನಡುವೆ ರಬ್ಬರಿನ ಬಿಲ್ಲೆ ಹಾಕಿಸಿದರೆ ಜಾರುವ ಚಿಂತೆಯಿಲ್ಲ. ಸಾಗವಾನಿ ಒಳ್ಳೆಯದು, ಚೆನ್ನಾಗಿ ಆರಿದ ಬೇವೂ ಆದೀತು. ಜಾಲಿ ಗಟ್ಟಿ, ಆದರೆ ಭಾರ. ಹಸಿ ಮರ ಮಾತ್ರ ಬೇಡ. 40 ಡಿಗ್ರಿ ದಾಟುವ ಇಲ್ಲಿನ ಬೇಸಗೆಗೆ ಅದು ಸೊಟ್ಟಗಾಗುತ್ತದೆ, ಹಲಗೆ ಸೊಟ್ಟಗಾದರೆ ಒಂದು ಬದಿಯ ಹಾಸು ಸಡಿಲ, ಇನ್ನೊಂದು ಬದಿಯದು ಬಿಗಿ. ಕೊಳ್ಳುವಾಗಲೂ ಮಾಡಿಸುವಾಗಲೂ ಪರೀಕ್ಷೆ ಒಂದೇ. ನಾಲ್ಕು ಎಳೆ ಹಾಕಿ ಬಿಗಿದು ಬೆರಳಿಂದ ಮೀಟಬೇಕು. ತಂಬೂರಿಯಷ್ಟಲ್ಲದಿದ್ದರೂ ಸಣ್ಣ ದನಿ ಬರಬೇಕು, ಮತ್ತೊಂದು ಗಂಟೆ ಬಿಟ್ಟು ಮೀಟಿದಾಗಲೂ ಅದೇ ದನಿ ಬರಬೇಕು. ದಾರ ತಾಗುವ ಕಡೆಯೆಲ್ಲ ಬೆರಳಾಡಿಸಿ ನೋಡಬೇಕು. ಕಣ್ಣಿಗೆ ಕಾಣದ ಸಿಬಿರೂ ನೈಲಾನ್ ಎಳೆಯನ್ನು ಕತ್ತರಿಸುತ್ತದೆ.

ಹಣಿಗೆಗಿಂತ ಸ್ಪ್ರಿಂಗ್ ಮೇಲು ಎಂದು ನನ್ನ ಅಭಿಪ್ರಾಯ. ಹಣಿಗೆಯ ಹಲ್ಲಿನ ಅಂತರ ಒಂದೇ ಅಳತೆಯದು. ಸ್ಪ್ರಿಂಗನ್ನು ಸ್ವಲ್ಪ ಹಿಗ್ಗಿಸಿದರೆ ದಪ್ಪ ಮಣಿಗೆ, ಕುಗ್ಗಿಸಿದರೆ ಸಣ್ಣ ಮಣಿಗೆ ಒಗ್ಗುತ್ತದೆ.

ಮಗ್ಗಕ್ಕಿಂತ ಮುಂಚೆ ಮಣಿ

ಹೊಸಬರು ಮಗ್ಗಕ್ಕೆ ದುಡ್ಡು ಸುರಿದು ಮಣಿಯಲ್ಲಿ ಉಳಿಸಲು ನೋಡುತ್ತಾರೆ. ತಿರುಗಾಮುರುಗಾ ಆಗಬೇಕು. ಬಟ್ಟೆಗೆ ಹೊಲಿಯುವಾಗ ಮಣಿ ಹೆಚ್ಚುಕಡಿಮೆಯಿದ್ದರೂ ನಡೆಯುತ್ತದೆ, ಆ ಹೆಚ್ಚುಕಡಿಮೆಯಲ್ಲೇ ಒಂದು ಸೊಗಸಿದೆ. ಮಗ್ಗದಲ್ಲಿ ಹಾಗಲ್ಲ. ಒಂದು ದಪ್ಪ ಮಣಿ ಸಾಲಿಗೆ ಸೇರಿದರೆ ಮುಂದಿನ ಹತ್ತು ಸಾಲು ಅಲೆಯಂತೆ ಏರಿಳಿಯುತ್ತವೆ.

ಮಣಿಯ ನಂಬರು ದೊಡ್ಡದಾದಷ್ಟೂ ಮಣಿ ಚಿಕ್ಕದು. 8ನೇ ನಂಬರಿನ ಮಣಿ ಸುಮಾರು 3 ಮಿಲಿಮೀಟರ್, 11ನೇ ನಂಬರಿನದು ಸುಮಾರು 2, 15ನೆಯದು ಒಂದೂವರೆ. ಕಲಿಯಲು 8, ಮಾರಲು 11. ಜಪಾನಿನ ಮಿಯುಕಿ, ತೊಹೊ ಕಂಪನಿಗಳ ಕೊಳವೆಯಾಕಾರದ ಮಣಿಗಳು ಒಂದರಂತೆ ಒಂದಿರುತ್ತವೆ, ತೂತೂ ದೊಡ್ಡದು, ಬೆಲೆಯೂ ಹೆಚ್ಚು. ಜೆಕ್ ದೇಶದ ದುಂಡು ಮಣಿ ನಡುವಿನ ದಾರಿ. ಉತ್ತರ ಪ್ರದೇಶದ ವಾರಾಣಸಿ, ಪುರ್ದಿಲ್‌ನಗರಗಳಲ್ಲಿ ನಮ್ಮದೇ ಗಾಜಿನ ಮಣಿ ತಯಾರಾಗುತ್ತದೆ. ಪೇಟೆಯಲ್ಲಿ ತೂಕದ ಮೇಲೆ ಸಿಗುವ ಅಗ್ಗದ ಮಣಿಯನ್ನೂ ಬಳಸಬಹುದು, ಆರಿಸಿ ತೆಗೆಯುವ ತಾಳ್ಮೆ ಇದ್ದರೆ. ತಿಕೋಟಾದ ಒಣದ್ರಾಕ್ಷಿ ಘಟಕಗಳಲ್ಲಿ ಗಾತ್ರ, ಬಣ್ಣ ನೋಡಿ ಮಣೂಕ ಬೇರ್ಪಡಿಸುವ ಹೆಂಗಸರ ಬೆರಳಿಗೆ ಇದು ಹೊಸ ವಿದ್ಯೆಯೇನಲ್ಲ. ದಪ್ಪದ್ದೊಂದು ಕಡೆ, ತೆಳುವಿನದೊಂದು ಕಡೆ, ತೂತು ಮುಚ್ಚಿದ್ದು ಕಸಕ್ಕೆ. ದಪ್ಪದ್ದೆಲ್ಲ ಕೂಡಿದರೆ ಅದೇ ಇನ್ನೊಂದು ಪಟ್ಟಿಯಾಗುತ್ತದೆ. ಬಣ್ಣವನ್ನೂ ಪರೀಕ್ಷಿಸಬೇಕು. ನಾಲ್ಕು ಮಣಿಯನ್ನು ಬಿಳಿ ಬಟ್ಟೆಯಲ್ಲಿ ಸೋಪುನೀರಿಗೆ ಅದ್ದಿ ಉಜ್ಜಿ, ಒಂದು ವಾರ ಬಿಸಿಲಿಗಿಟ್ಟು ನೋಡಿದರೆ ಗಾಜಿನಲ್ಲೇ ಇರುವ ಬಣ್ಣ ಯಾವುದು, ಮೇಲೆ ಬಳಿದದ್ದು ಯಾವುದು ಎಂಬುದು ತಿಳಿಯುತ್ತದೆ. ಚಿನ್ನ, ಬೆಳ್ಳಿಯ ಲೇಪದ ಮಣಿ ಬೆವರಿಗೆ ಬಲುಬೇಗ ಮಾಸುತ್ತದೆ. ಕೈಪಟ್ಟಿಗೆ ಅದು ಬೇಡ.

ದಾರಕ್ಕೆ ಹೊಸೆದ ನೈಲಾನ್ ಅಥವಾ ಪಾಲಿಯೆಸ್ಟರ್ ಒಳ್ಳೆಯದು, ಜೇನುಮೇಣ ಸವರಿದರೆ ಇನ್ನೂ ಒಳ್ಳೆಯದು. ಹತ್ತಿ ದಾರ ಗಾಜಿನ ಅಂಚಿಗೆ ಸವೆಯುತ್ತದೆ. ಮೀನಿನ ಗಾಳದ ಒಂಟಿ ಎಳೆ ಗಟ್ಟಿಯೇನೋ ಹೌದು, ಪಟ್ಟಿ ಮಾತ್ರ ಕಡ್ಡಿಯಂತೆ ಸೆಟೆಯುತ್ತದೆ. ಸೂಜಿ 10 ಅಥವಾ 12ನೇ ನಂಬರಿನ ಉದ್ದನೆಯ ಮಣಿ ಸೂಜಿ. ಪಟ್ಟಿಯ ಅಗಲಕ್ಕಿಂತ ಸೂಜಿ ಉದ್ದವಿದ್ದರೆ ಒಂದೇ ಸಲಕ್ಕೆ ಪೂರಾ ಸಾಲನ್ನು ದಾಟಿಸಬಹುದು.

ಹಾಸು, ಹೊಕ್ಕು

ಸಾಲಿಗೆ 15 ಮಣಿ ಬೇಕೆಂದರೆ ಹಾಸಿಗೆ 16 ಎಳೆ. ಪ್ರತಿ ಮಣಿಯೂ ಎರಡು ಎಳೆಗಳ ನಡುವೆ ಕೂರುವುದರಿಂದ ಎಳೆ ಯಾವಾಗಲೂ ಒಂದು ಹೆಚ್ಚು. ಎರಡೂ ಅಂಚಿನ ಎಳೆಯನ್ನು ಜೋಡಿ ಹಾಕಿದರೆ ಪಟ್ಟಿ ಬಾಳಿಕೆ ಬರುತ್ತದೆ. 18 ಸೆಂಟಿಮೀಟರಿನ ಕೈಪಟ್ಟಿಗೆ ಪ್ರತಿ ಎಳೆಯೂ 60 ಸೆಂಟಿಮೀಟರಾದರೂ ಇರಲಿ. ತುದಿ ಕಟ್ಟಲು, ಕೊನೆಗೆ ಗೊಂಡೆ ಬಿಡಲು ಆ ಉದ್ದ ಬೇಕೇ ಬೇಕು. ಇಲ್ಲಿ ದಾರ ಉಳಿಸಲು ಹೋಗಿ ಪೂರ್ತಿ ಪಟ್ಟಿಯನ್ನೇ ಕಳೆದುಕೊಂಡವರು ಬಹಳ.

ಹೊಕ್ಕಿನ ದಾರವನ್ನು ಎಡದ ಅಂಚಿನ ಎಳೆಗೆ ಕಟ್ಟಿ, ಸೂಜಿಗೆ 15 ಮಣಿ ಪೋಣಿಸಿ. ದಾರವನ್ನು ಹಾಸಿನ ಕೆಳಗಿನಿಂದ ಬಲಕ್ಕೆ ಎಳೆಯಿರಿ. ಎಡಗೈ ತೋರುಬೆರಳನ್ನು ಕೆಳಗೆ ಕೊಟ್ಟು ಮಣಿಗಳನ್ನು ಮೇಲಕ್ಕೆ ಒತ್ತಿದರೆ ಒಂದೊಂದೂ ತನ್ನ ಸಂದಿನಲ್ಲಿ ಕೂರುತ್ತದೆ. ಈಗ ಸೂಜಿ ಬಲದಿಂದ ಎಡಕ್ಕೆ ಅವೇ ಮಣಿಗಳ ತೂತಿನಲ್ಲಿ ತಿರುಗಿ ಬರಬೇಕು, ಹಾಸಿನ ಎಲ್ಲ ಎಳೆಗಳ ಮೇಲಿಂದ ಬರಬೇಕು. ಈ ಕಲೆಯ ಜೀವ ಇರುವುದು ಇಲ್ಲಿಯೇ. ಕೆಳಗೊಂದು ದಾರ, ಮೇಲೊಂದು ದಾರ, ನಡುವೆ ಹಾಸಿನ ಎಳೆ ಸಿಕ್ಕಿಕೊಂಡಾಗಲೇ ಮಣಿ ನಿಲ್ಲುವುದು. ಒಂದು ಕಡೆ ಸೂಜಿ ಎಳೆಯ ಅಡಿಗೆ ನುಸುಳಿದರೂ ಆ ಎಳೆ ಹಿಡಿತಕ್ಕೆ ಸಿಕ್ಕಿರುವುದಿಲ್ಲ, ಅದು ಗೊತ್ತಾಗುವುದು ಪಟ್ಟಿ ಮಗ್ಗದಿಂದ ಇಳಿದ ಮೇಲೆ. ಆದ್ದರಿಂದ ನಾಲ್ಕೈದು ಸಾಲಿಗೊಮ್ಮೆ ಮಗ್ಗವನ್ನು ಬೋರಲು ಮಾಡಿ ಮಣಿಗಳನ್ನು ಉಗುರಿಂದ ಮೆಲ್ಲಗೆ ತಳ್ಳಿ ನೋಡುವುದು ಒಳ್ಳೆಯ ಅಭ್ಯಾಸ.

ಮೊದಲ ಸಾಲು ಎಲ್ಲರನ್ನೂ ಕಾಡುತ್ತದೆ. ಎಳೆಗಳು ಇನ್ನೂ ತಮ್ಮ ಜಾಗ ಕಂಡುಕೊಂಡಿರುವುದಿಲ್ಲ. ಅದಕ್ಕೆ ಮಣಿಯಿಲ್ಲದೆ ಬರಿದಾರದಲ್ಲಿ ಒಂದು ಮೇಲೆ ಒಂದು ಕೆಳಗೆ ಎಂದು ಆರೆಂಟು ಸಾಲು ನೇಯ್ದುಕೊಂಡರೆ ಎಳೆಗಳು ನೆಟ್ಟಗೆ ನಿಲ್ಲುತ್ತವೆ, ಕೊನೆಗೆ ಮಡಚಿ ಹೊಲಿಯಲು ಅಂಚೂ ಸಿಗುತ್ತದೆ. ಹೊಕ್ಕನ್ನು ಒಂದೇ ಸಮ ಎಳೆಯಬೇಕು. ಸಿಟ್ಟಿನಲ್ಲಿ ಎಳೆದ ಸಾಲುಗಳಲ್ಲಿ ಪಟ್ಟಿಯ ನಡು ಸಣ್ಣಗಾಗುತ್ತದೆ. ಸೂಜಿ ತೂತಿನಲ್ಲಿ ಹಾಯುವಾಗ ಹಾಸಿನ ಎಳೆಯನ್ನು ಚುಚ್ಚಬಾರದು. ದಾರ ಮುಗಿದರೆ ನಡುವೆ ಗಂಟು ಹಾಕದೆ, ತುದಿಯನ್ನು ಹಿಂದಿನ ನಾಲ್ಕೈದು ಸಾಲಿನ ಮಣಿಗಳೊಳಗೆ ತೂರಿಸಿ ಬಿಟ್ಟು, ಹೊಸ ದಾರವನ್ನೂ ಹಾಗೆಯೇ ಸೇರಿಸಬೇಕು.

ನಮೂನೆಯ ವಿಷಯದಲ್ಲಿ ಈ ಸೀಮೆಯವರಿಗೆ ಹೊರಗಿನಿಂದ ಏನನ್ನೂ ತರಬೇಕಿಲ್ಲ. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ, ಇಳಕಲ್ ಸೀರೆಯ ಗೋಮಿ, ಚಿಕ್ಕಿ ಪರಾಸ್ ದಡಿ, ಲಂಬಾಣಿ ಹೊಲಿಗೆಯ ಮುಕ್ಕೋನ, ಹರಳುಚೌಕ, ಎಲ್ಲವೂ ಎಣಿಸಿ ಮಾಡುವ ನಮೂನೆಗಳೇ. ಒಂದು ಎಚ್ಚರ ಬೇಕು. ಮಗ್ಗದ ಮೇಲೆ ಮಣಿ ಕೂರುವ ಮನೆ ಚೌಕವಲ್ಲ. 11ನೇ ನಂಬರಿನ ಜಪಾನಿ ಕೊಳವೆ ಮಣಿಯ ಅಗಲ ಸುಮಾರು 1.3 ಮಿಲಿಮೀಟರ್, ಎತ್ತರ 1.6. ಚೌಕುಳಿ ಹಾಳೆಯಲ್ಲಿ 20ಕ್ಕೆ 20 ಎಂದು ಬರೆದ ನಮೂನೆ ನೇಯ್ದಾಗ 26 ಮಿಲಿಮೀಟರ್ ಅಗಲ, 32 ಮಿಲಿಮೀಟರ್ ಎತ್ತರ ಬರುತ್ತದೆ. ಗೋಪುರ ಎತ್ತರವಾದರೆ ಚೆಂದವೇ, ತೇರಿನ ಗಾಲಿ ಮಾತ್ರ ಮೊಟ್ಟೆಯಾಗುತ್ತದೆ. 20 ಮಣಿ ಅಗಲಕ್ಕೆ 16 ಸಾಲು ಎಂದು ಬರೆದುಕೊಂಡರೆ ಗಾಲಿ ದುಂಡಗೇ ಉಳಿಯುತ್ತದೆ. ಕಸೂತಿಯ ಗವಂತಿ ಹೊಲಿಗೆಯ ಕೂದಲೆಳೆಯಂಥ ಗೆರೆ ಮಣಿಯಲ್ಲಿ ಬಾರದು. ಅದರ ಮೈತುಂಬಿದ ನೇಗಿ ಹೊಲಿಗೆಯ ನಮೂನೆಗಳು ಸಲೀಸಾಗಿ ಇಳಿಯುತ್ತವೆ.

ಪಟ್ಟಿ ಮುಗಿದ ಮೇಲೆ ಸೂಜಿಯ ಕೆಲಸ ಮತ್ತೆ ಶುರು. ಹಾಸಿನ ತುದಿಗಳನ್ನು ಕತ್ತರಿಸಿ ಅಂಟು ಬಳಿದು ಲೋಹದ ಕೊಕ್ಕೆ ಸಿಕ್ಕಿಸುವುದು ಎಲ್ಲ ದೇಶದಲ್ಲೂ ಇರುವ ರೀತಿ. ಅದನ್ನೇ ಇಲ್ಲಿಯೂ ಮಾಡಿದರೆ ವಿಜಯಪುರದ ಪಟ್ಟಿಗೂ ಬೇರೆಲ್ಲಿಯದಕ್ಕೂ ಏನು ವ್ಯತ್ಯಾಸ? ಅವೇ ತುದಿಗಳನ್ನು ಹೆಣೆದು ಕವಡೆ ಕಟ್ಟಿ ಗೊಂಡೆ ಬಿಟ್ಟರೆ, ಪಟ್ಟಿಯನ್ನು ಕೆಂಪು ಬಟ್ಟೆಯ ಮೇಲಿಟ್ಟು ಅಂಚಿಗೆ ಕನ್ನಡಿ ಹೊಲಿದರೆ, ನೋಡಿದ ಕೂಡಲೇ ಇದು ಯಾರ ಕೈಯದೆಂದು ಗೊತ್ತಾಗುತ್ತದೆ. ತರಬೇತಿ ಕೊಡುವವರು ಈ ಭಾಗವನ್ನು ಕಲಿಸಲು ಹೋಗಬಾರದು. ತಾಂಡಾದ ಹಿರಿಯರಿಂದ ಕಲಿಯಬೇಕು.

ಸಾಲಿಗೊಂದು ನಿಮಿಷ

ಇನ್ನು ಲೆಕ್ಕ. 15 ಮಣಿ ಅಗಲದ, 18 ಸೆಂಟಿಮೀಟರ್ ಉದ್ದದ ಪಟ್ಟಿಗೆ ಕೊಳವೆ ಮಣಿಯಲ್ಲಿ ಹೆಚ್ಚುಕಡಿಮೆ 112 ಸಾಲು, ಅಂದರೆ 1,680 ಮಣಿ. ಗ್ರಾಮಿಗೆ ಸುಮಾರು 200 ಮಣಿ ತೂಗುವುದರಿಂದ ಎಂಟೂವರೆ ಗ್ರಾಮ್ ಆಯಿತು. ಪಳಗಿದ ಕೈ ಸಾಲಿಗೊಂದು ನಿಮಿಷದಂತೆ ನೇಯ್ದರೂ ಎರಡು ತಾಸಿಗೆ ಸಮೀಪ. ಹಾಸು ಹೂಡಲು, ತುದಿ ಕಟ್ಟಲು, ಗೊಂಡೆ ಬಿಡಲು ಇನ್ನೂ ಅಷ್ಟೇ ಹೊತ್ತು. ಅರ್ಧ ದಿನದ ದುಡಿಮೆ ಇದು. ಕೈಪಟ್ಟಿ ಕೊಳ್ಳುವವರು ಎಂಟು ಗ್ರಾಮ್ ಮಣಿಯ ಬೆಲೆಯನ್ನಲ್ಲ, ಈ ಅರ್ಧ ದಿನವನ್ನು ನೋಡಿ ದುಡ್ಡು ಕೊಡಬೇಕು. ತುಂಡಿಗಿಷ್ಟು ಎಂದು ಗೊತ್ತುಮಾಡುವ ಸಂಘಗಳೂ ಹೊಲದ ಅರ್ಧ ದಿನದ ಕೂಲಿಗೆ ಕಡಿಮೆಯಿಲ್ಲದಂತೆ ಗೊತ್ತುಮಾಡಲಿ. ಹಾಗಾಗದಿದ್ದರೆ ಹೆಂಗಸರು ಮಗ್ಗವನ್ನು ಮೂಲೆಗಿಟ್ಟು ದ್ರಾಕ್ಷಿ ತೋಟಕ್ಕೆ ಹೋಗುತ್ತಾರೆ. ಹೋಗುವುದೇ ಸರಿ.

ಕಬ್ಬು ಕಡಿಯಲು ಹೋದ ಹೆಣ್ಣುಮಗಳು ರಾತ್ರಿ ಗುಡಿಸಲಲ್ಲಿ ಕೂತು ಮಣಿ ನೇಯುತ್ತಾಳೆಂದು ಯಾರೂ ಕನಸು ಕಾಣಬೇಡಿ. ನಸುಕಿಗೆ ಎದ್ದು ಕಬ್ಬು ಕಡಿದು, ಹೊರೆ ಕಟ್ಟಿ, ಗಾಡಿಗೆ ಹೇರುವ ಮೈಗೆ ಬೇಕಾದದ್ದು ನಿದ್ದೆ. ಗಂಟಿನೊಳಗೆ ಹಿಡಿಯುವ ಮಗ್ಗ ಕೆಲಸಕ್ಕೆ ಬರುವುದು ಕಟ್ಟಡದ ಕೆಲಸದಲ್ಲಿ ಕೂಲಿ ಸಿಗದ ದಿನಗಳಿಗೆ, ಮಕ್ಕಳನ್ನು ನೋಡಿಕೊಳ್ಳುತ್ತ ತಾಂಡಾದಲ್ಲೇ ಉಳಿದ ಅಜ್ಜಿಯರಿಗೆ, ಶಾಲೆ ಬಿಡದೆ ಊರಲ್ಲೇ ಇರಬೇಕೆನ್ನುವ ಹುಡುಗಿಯರಿಗೆ. ಎಲ್ಲಕ್ಕಿಂತ ಮಿಗಿಲಾಗಿ, ಮಗ್ಗದ ದುಡಿಮೆ ನೆಚ್ಚಿ ಈ ವರ್ಷ ಹೋಗುವುದಿಲ್ಲ ಎನ್ನಬಲ್ಲ ನಾಲ್ಕು ಮನೆಗಳಿಗೆ.

ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ದಾರಿಯಲ್ಲೇ, ತೊರವಿಯಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆಂದೇ ಕಟ್ಟಿದ ವಿಶ್ವವಿದ್ಯಾಲಯ ಅದು. ಮಡಚುವ, ಜಾರದ, ಬಡಿಗೇರನೊಬ್ಬ ಒಂದು ದಿನದಲ್ಲಿ ಮಾಡಿಕೊಡಬಹುದಾದ ಮಣಿಮಗ್ಗದ ಒಂದು ಒಳ್ಳೆಯ ಅಳತೆಪಟವನ್ನು ಅಲ್ಲಿಯ ವಿದ್ಯಾರ್ಥಿನಿಯರು ಬರೆದುಕೊಟ್ಟರೆ ವಿಜಯಪುರ, ತಿಕೋಟಾ, ಬಬಲೇಶ್ವರ ಈ ಮೂರೂ ತಾಲ್ಲೂಕುಗಳಿಗೆ ಸಾಕು.

ಕೊಳ್ಳುವವರಿಗೆ, ಅಂಗಡಿಕಾರರಿಗೆ, ಸಂಘಸಂಸ್ಥೆಗಳಿಗೆ ಒಂದೇ ಕೋರಿಕೆ. ಕಬ್ಬಿನ ಗುತ್ತಿಗೆದಾರರು ಮುಂಗಡ ಕೊಟ್ಟು ಹೆಸರು ಬರೆದುಕೊಳ್ಳುವುದು ಹಂಗಾಮಿಗೆ ಮುಂಚೆಯೇ. ದೀಪಾವಳಿಯ ಮೇಲೆ ನೀವು ಆರ್ಡರ್ ಹಿಡಿದು ತಾಂಡಾಕ್ಕೆ ಹೋದರೆ ಕೈಗಳು ಅಲ್ಲಿರುವುದಿಲ್ಲ. ಮಣಿಪಟ್ಟಿಯ ಆರ್ಡರನ್ನು ನಾಗರಪಂಚಮಿಯಿಂದ ದಸರೆಯೊಳಗೆ ಕೊಡಿ, ಮುಂಗಡವನ್ನೂ ಆಗಲೇ ಕೊಡಿ.